ಬ್ರಹ್ಮಗಿರಿಯ ಸಾಕ್ಷಿಗಳು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿ ಒಂದು ಬಂಡೆಯಿದೆ. ಊರವರು ಅದಕ್ಕೆ ಅಕ್ಷರಗುಂಡು ಎನ್ನುತ್ತಿದ್ದರು. ಅಕ್ಷರ ಇದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರ ಅಕ್ಷರ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸಮೀಪದ ಜಟಿಂಗ ರಾಮೇಶ್ವರ ಬೆಟ್ಟದ ಮೇಲೂ ಅಂಥದೇ ಒಂದು ಬಂಡೆ, ಹೆಸರು ಬಳೆಗಾರರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆ ಸರಕು ಹರಡುತ್ತಿದ್ದರಂತೆ. ಅಲ್ಲಿನ ಬರಹ ಬಹಳ ಸವೆದಿದೆ. ಇವೆರಡನ್ನೂ, ಪಕ್ಕದ ಸಿದ್ದಾಪುರದ ಮತ್ತೊಂದನ್ನೂ 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದರು. ಮೂರೂ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನಗಳು.

ರೈಸ್ ಅವನ್ನು ಓದಲು ಆದದ್ದು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಬಿಡಿಸಿಟ್ಟಿದ್ದರಿಂದ. ಪ್ರಿನ್ಸೆಪ್ ಭಾಷಾಪಂಡಿತರಲ್ಲ. ಕಲ್ಕತ್ತದ ಟಂಕಸಾಲೆಯಲ್ಲಿ ಲೋಹ ಪರೀಕ್ಷಕರು. ನಾಣ್ಯದಲ್ಲಿ ಬೆಳ್ಳಿ ಎಷ್ಟು, ಬೆರಕೆ ಎಷ್ಟು ಎಂದು ಪರೀಕ್ಷಿಸಿ ಹೇಳುವುದು ಅವರ ಸಂಬಳದ ಕೆಲಸ. ಸಾಂಚಿಯ ಸ್ತೂಪದ ಸುತ್ತಲಿನ ಸಣ್ಣ ಸಣ್ಣ ಬರಹಗಳೆಲ್ಲ ಒಂದೇ ಬಗೆಯ ಅಕ್ಷರಗಳಲ್ಲಿ ಮುಗಿಯುವುದನ್ನು ಅವರು ಗಮನಿಸಿದರು. ಇವು ಭಕ್ತರು ಕೊಟ್ಟ ಕಾಣಿಕೆಯ ದಾಖಲೆ ಇರಬೇಕು, ಹಾಗಾದರೆ ಕೊನೆಯಲ್ಲಿರುವುದು 'ದಾನಂ' ಎಂದಿರಬೇಕು ಎಂದು ಊಹಿಸಿದರು. ಆ ಒಂದು ಎಳೆ ಹಿಡಿದು ಎಳೆದಾಗ ಉಳಿದ ಗಂಟೂ ಬಿಚ್ಚಿಕೊಂಡಿತು.

ಬ್ರಹ್ಮಗಿರಿಯ ಬಂಡೆಯಲ್ಲಿ ಅರಸನ ಹೆಸರಿಲ್ಲ, ದೇವಾನಾಂಪ್ರಿಯ ಎಂಬ ಬಿರುದು ಮಾತ್ರ ಇದೆ. ಅದು ಅಶೋಕನದೇ ಎಂದು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಲ್ಲಿ ವಿದ್ವಾಂಸರು ಮೊದಲೇ ಹೇಳಿದ್ದರು. ಹೆಸರು ಮತ್ತು ಬಿರುದು ಒಂದೇ ಕಲ್ಲಿನ ಮೇಲೆ ಸಿಕ್ಕಿ ಆ ಮಾತಿಗೆ ಮುದ್ರೆ ಬಿದ್ದದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದನ್ನು ಕಂಡ ಬೀಡನ್ ಚಿನ್ನದ ಗಣಿಯ ಎಂಜಿನಿಯರ್.

ನಮ್ಮ ಕಡೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಚಿತ್ರದುರ್ಗದಲ್ಲೂ ದಾವಣಗೆರೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: "ಸೈನ್ಸಾ, ಆರ್ಟ್ಸಾ?" ಮಾರ್ಕ್ಸ್ ಇದ್ದವರು ಆ ಕಡೆ, ಇಲ್ಲದವರು ಈ ಕಡೆ. ಹದಿನಾರನೇ ವಯಸ್ಸಿಗೆ ಎದ್ದ ಈ ಗೋಡೆ ಜನ ಪಿಎಚ್‌ಡಿ ಮುಗಿಸಿದರೂ ಬೀಳುವುದಿಲ್ಲ. ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ಕೊಳವೆ ಎಂದು ಒಂದು ಗುಂಪು ನಂಬಿರುತ್ತದೆ. ಅಂಕಿಸಂಖ್ಯೆ ಕಂಡರೆ ಮುಖ ತಿರುಗಿಸುವುದೇ ಸಾಹಿತ್ಯದ ಗತ್ತು ಎಂದು ಇನ್ನೊಂದು ಗುಂಪು. ನನಗೆ ಕಾಣುವ ಮಟ್ಟಿಗೆ ಶಾಸ್ತ್ರಗಳು ಬೇರೆಯಾಗುವುದು ವಿಷಯದಿಂದಲ್ಲ, ಯಾವುದನ್ನು ಸಾಕ್ಷಿ ಎಂದು ಒಪ್ಪುತ್ತವೆ ಎಂಬುದರಿಂದ. ಇದನ್ನು ನೋಡಲು ಬ್ರಹ್ಮಗಿರಿಗಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿ ಇಲ್ಲ.

ಶಾಸನವನ್ನೇ ತೆಗೆದುಕೊಳ್ಳಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲವೆಂಬ ಊರಿನ ಅಧಿಕಾರಿಗಳ ಆರೋಗ್ಯ ವಿಚಾರಿಸಿ, ಆಮೇಲೆ ಅರಸನ ಆಜ್ಞೆ ತಿಳಿಸುತ್ತಾರೆ. ಇಂದಿನ ಸರ್ಕಾರಿ ಸುತ್ತೋಲೆಗಿಂತ ಮರ್ಯಾದೆಯ ಪತ್ರ. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಎಡದಿಂದ ಬಲಕ್ಕೆ. ಆದರೆ 'ಲಿಪಿಕರೇಣ' (ಲಿಪಿಕಾರನಿಂದ) ಎಂಬ ಕೊನೆಯ ಪದವನ್ನು ಮಾತ್ರ ಚಪಡ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಅಂದರೆ ಈಗಿನ ಪಾಕಿಸ್ತಾನದ ವಾಯವ್ಯ ಮೂಲೆಯದು. ಮೊಳಕಾಲ್ಮುರಿನ ಬಿಸಿಲಿನಲ್ಲಿ ಅದನ್ನು ಓದುವವರು ಯಾರಿದ್ದರು? ಈತ ಆ ಸೀಮೆಯಲ್ಲಿ ಕೆಲಸ ಮಾಡಿ ಬಂದವನಿರಬೇಕು, ತನಗೆ ಎರಡು ಲಿಪಿ ಬರುತ್ತದೆಂದು ತೋರಿಸುವ ಹುಮ್ಮಸ್ಸೂ ಇದ್ದಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ಇದನ್ನು ಪ್ರಯೋಗಶಾಲೆಯಲ್ಲಿ ಮರುಕಳಿಸಲು ಬರುವುದಿಲ್ಲ. ಒಬ್ಬ ಮನುಷ್ಯ ಒಂದು ಸಲ ಮಾಡಿದ ಕೆಲಸ. ಹಾಗೆಂದು ಇದು ಬರೀ ಕಟ್ಟುಕಥೆಯೂ ಅಲ್ಲ. ಮೌರ್ಯ ಆಡಳಿತದಲ್ಲಿ ನೌಕರರು ಎಷ್ಟು ದೂರ ಓಡಾಡುತ್ತಿದ್ದರು ಎಂಬ ಪ್ರಶ್ನೆಗೆ ಕಲ್ಲಿನಲ್ಲೇ ಸಿಕ್ಕ ಸುಳಿವು.

1947ರಲ್ಲಿ ಇಲ್ಲಿ ಅಗೆತ ಮಾಡಿಸಿದವರು ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವ್ಹೀಲರ್. ಫಿರಂಗಿ ದಳದಲ್ಲಿ ಬ್ರಿಗೇಡಿಯರ್ ಆಗಿದ್ದವರು. ಕಂದಕದ ಗೋಡೆಯಲ್ಲಿ ಮಣ್ಣಿನ ಪದರ ಬಣ್ಣ ಬದಲಿಸಿದ ಕಡೆಯಲ್ಲೆಲ್ಲ ಚೀಟಿ ಚುಚ್ಚಿ, ಯಾವ ಚೂರು ಯಾವ ಪದರದ್ದು ಎಂದು ಲೆಕ್ಕ ಇಡಿಸುವುದು ಅವರ ಶಿಸ್ತು. ಕೆಳಗೆ ನಯಮಾಡಿದ ಕಲ್ಲುಕೊಡಲಿಯ ಜನ, ಅದರ ಮೇಲೆ ಕಬ್ಬಿಣ ಬಳಸಿ ಬೃಹತ್ ಶಿಲಾಗೋರಿ ಕಟ್ಟಿದವರು, ಅದರ ಮೇಲೆ ಶಾತವಾಹನರ ಕಾಲ: ಹೀಗೆ ಮೂರು ಹಂತ ಕಂಡವು.

ಆದರೆ ಪದರ ಹೇಳುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮಾತ್ರ. ಇಸವಿ ಬೇಕಾದರೆ ಹೊರಗಿನ ಸಾಕ್ಷಿ ಬೇಕು. ವ್ಹೀಲರ್ ಅದಕ್ಕೆ ಹಿಡಿದ ದಾರಿ ಪತ್ತೇದಾರನದು. ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಒಳಮೈಗೆ ಸಣ್ಣ ಗೀರುಗಳ ವೃತ್ತ ಒತ್ತಿದ ನಯವಾದ ತಟ್ಟೆಯ ಚೂರುಗಳಿದ್ದವು. ಅದೇ ಬಗೆಯ ಚೂರುಗಳನ್ನು ಅವರು 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಕಂಡಿದ್ದರು, ಇಟಲಿಯಿಂದ ಹಡಗಿನಲ್ಲಿ ಬಂದ ಮಡಕೆಗಳ ಜೊತೆ. ಇಟಲಿಯ ಮಡಕೆಯ ಕಾಲ ಗೊತ್ತಿತ್ತು. ಚಿತ್ರದುರ್ಗದ ಕೋಟೆಯ ಹಿಂದಿನ ಚಂದ್ರವಳ್ಳಿಯಲ್ಲಿ ಸಿಕ್ಕ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೂ ಅದೇ ಕಾಲ ಹೇಳುತ್ತಿದ್ದವು. ರೋಮಿನ ಪಂಚಾಂಗ ಹಿಡಿದು ಮೊಳಕಾಲ್ಮುರಿನ ಮಣ್ಣಿಗೆ ಇಸವಿ ಬರೆದಂತಾಯಿತು.

ಮೇಲಿನ ಪದರಕ್ಕೆ ಇದು ಸರಿಹೋಯಿತು. ಕೆಳಗಿನ ಪದರಗಳಿಗೆ ನಾಣ್ಯವೂ ಇಲ್ಲ, ಇಟಲಿಯ ಮಡಕೆಯೂ ಇಲ್ಲ. ಮಣ್ಣಿನ ದಪ್ಪ ನೋಡಿ ವ್ಹೀಲರ್ ಅಂದಾಜು ಮಾಡಿದರು: ಕಲ್ಲುಕೊಡಲಿಯ ಕಾಲ ಕ್ರಿ.ಪೂ. 200ರ ಆಸುಪಾಸಿನವರೆಗೂ ನಡೆದಿತ್ತು, ಶಿಲಾಗೋರಿಗಳು ಆಮೇಲಿನವು. ಆ ಲೆಕ್ಕದಲ್ಲಿ ಅಶೋಕನ ಅಧಿಕಾರಿಗಳು ಬಂದಾಗ ಇಲ್ಲಿಯ ಜನ ಇನ್ನೂ ಕಲ್ಲುಕೊಡಲಿ ಹಿಡಿದಿದ್ದರು. ಎರಡೇ ವರ್ಷದಲ್ಲಿ, 1949ರಲ್ಲಿ, ವಿಲ್ಲರ್ಡ್ ಲಿಬ್ಬಿ ಮತ್ತು ಸಂಗಡಿಗರು ಕಾರ್ಬನ್-14ರ ವಿಧಾನ ಪ್ರಕಟಿಸಿದರು. ಅದು ದಕ್ಷಿಣದ ನೆಲೆಗಳಿಗೆ ಬಂದಾಗ ಈ ಅಂದಾಜು ಸುಮಾರು ಸಾವಿರ ವರ್ಷ ತಪ್ಪಿರುವುದು ಗೊತ್ತಾಯಿತು. ಕರ್ನಾಟಕದಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 1000ದಷ್ಟು ಹಿಂದಕ್ಕೆ ಹೋಯಿತು. ಕಲ್ಲುಕೊಡಲಿಯ ಬೇಸಾಯಗಾರರು ಕ್ರಿ.ಪೂ. 3000ದ ಆಸುಪಾಸಿಗೆ ಸರಿದರು. ವ್ಹೀಲರ್ ಹೇಳಿದ ಅನುಕ್ರಮ ಮಾತ್ರ ಅಲುಗಲಿಲ್ಲ. ಅಗೆತದ ಶಿಸ್ತು ಸರಿಯಿದ್ದದ್ದರಿಂದ ಇಸವಿಯ ತಪ್ಪನ್ನು ಹೊರಗಿನವರು ತಿದ್ದಲು ಆಯಿತು.

ಕಾರ್ಬನ್ ಗಡಿಯಾರದ ಕೆಲಸ ಸರಳ. ಬಾಹ್ಯಾಕಾಶದಿಂದ ಬರುವ ಕಿರಣಗಳು ವಾತಾವರಣದ ಸಾರಜನಕದ ಸ್ವಲ್ಪ ಭಾಗವನ್ನು ಕಾರ್ಬನ್-14 ಆಗಿ ಬದಲಿಸುತ್ತವೆ. ಗಿಡ ಉಸಿರಾಡುವಷ್ಟು ಕಾಲ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಸತ್ತ ಮೇಲೆ ಹೊಸದು ಸೇರದು, ಇದ್ದದ್ದು 5730 ವರ್ಷಕ್ಕೆ ಅರ್ಧವಾಗುತ್ತ ಹೋಗುತ್ತದೆ. ತೊಡಕು ಇರುವುದು ಬೇರೆ ಕಡೆ. ವಾತಾವರಣದ ಕಾರ್ಬನ್-14 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಅದನ್ನು ಸರಿದೂಗಿಸಲು ಭೌತವಿಜ್ಞಾನಿಗಳು ಹೋದದ್ದು ಹಳೆ ಮರಗಳ ವರ್ಷಬಳೆ ಎಣಿಸುವವರ ಹತ್ತಿರ. ಇನ್ನೊಂದು ತೊಡಕು: ತೊಲೆಯ ಇದ್ದಿಲು ಸಿಕ್ಕರೆ ಅದು ಮರದ ವಯಸ್ಸು ಹೇಳುತ್ತದೆ, ಮನೆ ಸುಟ್ಟ ದಿನವನ್ನಲ್ಲ. ನೂರಾರು ವರ್ಷ ಬದುಕಿದ ಮರವಾದರೆ ಅಷ್ಟೂ ತಪ್ಪು. ಅದಕ್ಕೇ ಕಾಳು ಬೇಕು. ಕಾಳಿಗೆ ಒಂದೇ ಬೆಳೆಯ ವಯಸ್ಸು.

ಸುಟ್ಟ ಕಾಳನ್ನು ಮಣ್ಣಿನಿಂದ ತೆಗೆಯುವ ವಿಧಾನ ಪುರಾತತ್ತ್ವದಲ್ಲಿ ವ್ಯಾಪಕವಾದದ್ದು 1960ರ ದಶಕದಿಂದೀಚೆಗೆ. ಪದರದ ಮಣ್ಣನ್ನು ನೀರು ತುಂಬಿದ ಬಾನಿಗೆ ಸುರಿದು ಮೆಲ್ಲಗೆ ಕಲಕುತ್ತಾರೆ. ಭತ್ತ ತೊಳೆವಾಗ ಜೊಳ್ಳು ತೇಲುವ ಹಾಗೆ ಸುಟ್ಟು ಹಗುರಾದ ಕಾಳು, ಸಿಪ್ಪೆ, ಇದ್ದಿಲ ಚೂರು ಮೇಲೆ ಬರುತ್ತವೆ. ಅದನ್ನು ಸಣ್ಣ ಜರಡಿಗೆ ಬಗ್ಗಿಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಬೇರ್ಪಡಿಸುತ್ತಾರೆ. ಕಾಳು ಕಾಯಿಯೊಳಗೆ ಅಂಟಿಕೊಂಡಿದ್ದ ಕಣ್ಣಿನ ಆಕಾರ ನೋಡಿ ಇದು ಹೆಸರುಕಾಳು, ಇದು ಹುರುಳಿ ಎನ್ನುತ್ತಾರೆ. ಈ ಬಗೆಯಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಬಳ್ಳಾರಿ ಸೀಮೆಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳನ್ನು ಪರಿಶೀಲಿಸಿದರು. ದಕ್ಷಿಣದ ಮೊದಲ ಬೇಸಾಯಗಾರರ ಮುಖ್ಯ ಬೆಳೆಗಳಾಗಿ ಕಂಡದ್ದು ಹೆಸರು, ಹುರುಳಿ, ಮತ್ತೆರಡು ಕಿರುಧಾನ್ಯ. ಅದರಲ್ಲಿ ಒಂದು ಕೊರಲೆ. ಈಗ ನಮ್ಮ ಪೇಟೆಗಳಲ್ಲಿ 'ಸಿರಿಧಾನ್ಯ' ಎಂಬ ಚೀಟಿ ಹಚ್ಚಿ ದುಬಾರಿ ಬೆಲೆಗೆ ಮಾರುವ ಅದೇ ಕೊರಲೆ.

ಇದಕ್ಕೆ ಇನ್ನೊಂದು ದಿಕ್ಕಿನಿಂದ ಬಂದ ಸಾಕ್ಷಿ ಭಾಷೆಯದು. ಜೀವಿಗಳ ವಂಶವೃಕ್ಷ ಕಟ್ಟುವ ಗಣಿತವನ್ನು 2018ರಲ್ಲಿ ಒಂದು ತಂಡ 20 ದ್ರಾವಿಡ ನುಡಿಗಳಿಗೆ ಹಚ್ಚಿತು. ಕಣ್ಣು, ನೀರು, ಕಲ್ಲಿನಂಥ ದಿನಬಳಕೆಯ ಮಾತುಗಳಲ್ಲಿ ಯಾವುದು ಯಾವ ನುಡಿಯಲ್ಲಿ ಒಂದೇ ಬೇರಿನದು ಎಂದು ನೋಡಿ, ಈ ಕುಟುಂಬ ಸುಮಾರು 4500 ವರ್ಷ ಹಳೆಯದೆಂದು ಲೆಕ್ಕ ಹಾಕಿತು. ಲೇಖನದ ಮೊದಲ ಲೇಖಕಿ ವಿಷ್ಣುಪ್ರಿಯಾ ಕೋಲಿಪಾಕಂ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು! ಈ ಕಾಲ ದಕ್ಷಿಣದ ಹುರುಳಿ ಬೇಸಾಯದ ಕಾಲದೊಳಗೇ ಬೀಳುತ್ತದೆ. ಆದರೂ ನಾನು ಇಲ್ಲಿ ಸ್ವಲ್ಪ ಹುಷಾರು. ಮರದ ಕೊಂಬೆ ಒಮ್ಮೆ ಕವಲೊಡೆದರೆ ಮತ್ತೆ ಕೂಡುವುದಿಲ್ಲ, ಭಾಷೆ ಹಾಗಲ್ಲ. ಮೊಳಕಾಲ್ಮುರು, ಚಳ್ಳಕೆರೆ ಕಡೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರನ್ನು ಕೇಳಿದರೆ ಸಾಕು, ನೆರೆಯ ನುಡಿಗಳು ಎಷ್ಟು ಸಲೀಸಾಗಿ ಕೊಟ್ಟು ತೆಗೆದುಕೊಳ್ಳುತ್ತವೆ ಎಂದು ತಿಳಿಯುತ್ತದೆ. ದಿನಬಳಕೆಯ ಮೂಲ ಪದಗಳನ್ನೇ ಆರಿಸಿದ್ದು ಈ ತೊಂದರೆ ಕಡಿಮೆ ಮಾಡಲಿಕ್ಕೆ. ಪೂರ್ತಿ ಇಲ್ಲವಾಗಿಸಲಿಕ್ಕೆ ಆಗದು.

ಭೂವಿಜ್ಞಾನಿಗೆ ಈ ಸಾವಿರಗಳೆಲ್ಲ ಲೆಕ್ಕಕ್ಕೇ ಇಲ್ಲ. ಚಿತ್ರದುರ್ಗದ ಕೋಟೆಯ ಗ್ರಾನೈಟ್ ಸುಮಾರು 260 ಕೋಟಿ ವರ್ಷದ್ದು. ಅಲ್ಲಿ ಕಾರ್ಬನ್ ನಡೆಯುವುದಿಲ್ಲ, ಜಿರ್ಕಾನ್ ಹರಳಿನೊಳಗೆ ಯುರೇನಿಯಂ ಸೀಸವಾಗುವ ಗಡಿಯಾರ ಬೇಕು. ಅದು ಅರ್ಧವಾಗಲು ಸುಮಾರು 447 ಕೋಟಿ ವರ್ಷ. ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಬಂಡೆಗಳಿವೆ. ಕರಗಿದ ಕಲ್ಲು ನೀರಿನೊಳಗೆ ಉಕ್ಕಿ ಥಟ್ಟನೆ ತಣಿದರೆ ಮಾತ್ರ ಆ ಆಕಾರ ಬರುತ್ತದೆ. ಮಳೆಗೆ ಬಾಯಿಬಿಡುವ ನಮ್ಮ ಜಿಲ್ಲೆಯಲ್ಲಿ ಸಮುದ್ರದ ತಳ!

ಸಾಕ್ಷಿಯ ಗುಣ ಎಷ್ಟು ಬೇರೆಯಾಗಬಹುದು ಎಂದು ತಿಳಿಯಲು ಜಾನಪದಕ್ಕೆ ಬನ್ನಿ. ಒಂದೇ ಜಿರ್ಕಾನನ್ನು ಎರಡು ಸಲ ಅಳೆದು ಎರಡು ಬೆಲೆ ಬಂದರೆ ಅದು ದೋಷ. ಒಂದೇ ಹಾಡನ್ನು ಎರಡು ಸಲ ಹಾಡಿಸಿ ಎರಡು ಪಾಠ ಬಂದರೆ ಅದೇ ಸರಕು. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯದ ಹಳ್ಳಿಗಾಯಕರ ದೀರ್ಘ ಕಥನಗಳನ್ನು ಧ್ವನಿಮುದ್ರಿಸಿದರು. "ಅಕ್ಷರ ತಪ್ಪದೆ ಅದೇ ಹಾಡುತ್ತೇನೆ" ಎನ್ನುತ್ತಿದ್ದ ಗಾಯಕರು ಪ್ರತಿ ಸಲವೂ ಬೇರೆಯಾಗಿಯೇ ಹಾಡುತ್ತಿದ್ದರು. ಬಾಯಿಪಾಠವಲ್ಲ, ಸಿದ್ಧ ನುಡಿಗಟ್ಟುಗಳಿಂದ ಅಲ್ಲಲ್ಲೇ ಕಟ್ಟುವ ವಿದ್ಯೆ ಎಂದು ಅದರಿಂದ ತಿಳಿಯಿತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಇಲ್ಲದೆ ಸಾವಿರಾರು ಹಾಡು ಹಾಡಿದ್ದನ್ನು ಬರೀ 'ನೆನಪಿನ ಶಕ್ತಿ' ಎಂದು ಹೊಗಳಿ ಸುಮ್ಮನಾಗುವುದು ನನಗೆ ಅರ್ಧ ಮರ್ಯಾದೆ ಎನಿಸುತ್ತದೆ. ಅದರಲ್ಲಿ ಕಟ್ಟುವ ವಿದ್ಯೆಯೂ ಇದೆ.

ಈ ಹಾಡುಗಳು ಕಾವಲಿನ ಹಾಡುಗಳು. ಚಳ್ಳಕೆರೆಯ ಸುತ್ತಿನ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಆ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಎಂಬ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಇಲ್ಲಿನ ಸುಮಾರು 10 ಸಾವಿರ ಎಕರೆ ಈಗ ವಿಜ್ಞಾನ, ರಕ್ಷಣಾ ಸಂಸ್ಥೆಗಳ ಪಾಲಾಗಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ರೆಕ್ಕೆನೌಕೆಯನ್ನು ಹೆಲಿಕಾಪ್ಟರಿನಿಂದ 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ, ಅದು ತಾನೇ ದಾರಿ ನೋಡಿಕೊಂಡು ಇಳಿದದ್ದು ಇಲ್ಲಿನ ರನ್‌ವೇ ಮೇಲೆ. ಎಂಜಿನಿಯರಿಗೆ ಇದು ಬಯಲು, ದನಗಾಹಿಗೆ ಮೇವು. ಅಧಿಕಾರಿಗಳ ಕಡತದಲ್ಲಿ ಇಂಥ ನೆಲಕ್ಕೆ ಸಿಗುವ ಪಟ್ಟ ಬಹುತೇಕ ಬಂಜರು. ಪರಿಸರ ವಿಜ್ಞಾನಿಗಳು ಹೇಳುವುದೇ ಬೇರೆ: ಇವು ಕಾಡು ಕಡಿದು ಹಾಳಾದ ನೆಲವಲ್ಲ, ತಮ್ಮಷ್ಟಕ್ಕೇ ಪ್ರಾಚೀನವಾದ ಹುಲ್ಲುಬಯಲು. ಕೃಷ್ಣಮೃಗ ಬದುಕಿರುವುದು ಇಂಥಲ್ಲೇ. ಗಿಡ ನೆಡುವ ಉತ್ಸಾಹಿಗಳು ಈ ಮಾತು ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಹಳೆಯದು ಎನ್ನಲು ಸಾಕ್ಷಿ? ಇದಕ್ಕೆ ಕೆರೆ ಹೂಳಿನ ಪರಾಗ ಬೇಕು, ಮಣ್ಣಿನ ಕಾರ್ಬನ್ ಬೇಕು. ಪಶ್ಚಿಮ ಮಹಾರಾಷ್ಟ್ರದಲ್ಲಿ ಆಶಿಶ್ ನೆರ್ಲೇಕರ್ ಮತ್ತು ದಿಗ್ವಿಜಯ್ ಪಾಟೀಲ್ ಇನ್ನೊಂದು ಕಡೆ ಕೈಹಾಕಿದರು: ಮಧ್ಯಯುಗದ ಮರಾಠಿ ಸಾಹಿತ್ಯ. ಸಂತಚರಿತೆ, ಮೌಖಿಕ ಹಾಡುಗಳಲ್ಲಿ ಬರುವ ಗಿಡಗಳನ್ನು ಪಟ್ಟಿ ಮಾಡಿದಾಗ ಬಯಲಿನ ಗಿಡಗಳೇ ಹೆಚ್ಚು ಸಿಕ್ಕವು. ಆ ಸೀಮೆ ನೂರಾರು ವರ್ಷಗಳಿಂದಲೂ ಹುಲ್ಲುಬಯಲೇ ಎಂಬ ವಾದಕ್ಕೆ ಸಾಹಿತ್ಯ ಸಾಕ್ಷಿಯಾಯಿತು.

ನಮ್ಮಲ್ಲಿ ಗಣೆ ಊದಿ ಹಾಡುವ ಜುಂಜಪ್ಪನ ಕಥನವಿದೆ, ದನ ಕಾಯುವವರ ದೈವದ ಹಾಡು. ಅದರ ಪಾಠಗಳನ್ನು ಹಿಡಿದು ಕಮರ, ತುಗ್ಗಲಿ, ಬನ್ನಿಯಂಥ ಗಿಡಗಳ ಹೆಸರುಗಳನ್ನು ಹುಡುಕುವ ಕೆಲಸಕ್ಕೆ ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬರೇ ಸಾಲದು, ಏಕೆಂದರೆ ಒಂದೇ ಗಿಡಕ್ಕೆ ಹಟ್ಟಿಗೊಂದು ಹೆಸರಿರುತ್ತದೆ, ಒಂದೇ ಹೆಸರಿಗೆ ಎರಡು ಗಿಡವೂ ಇರುತ್ತವೆ. ಸಸ್ಯಶಾಸ್ತ್ರದವರೊಬ್ಬರೇ ಸಾಲದು, ಯಾವ ಸಾಲು ಹಳೆಯದು, ಯಾವುದು ಗಾಯಕ ಅಲ್ಲೇ ಕಟ್ಟಿದ್ದು ಎಂದು ಅವರಿಗೆ ತಿಳಿಯದು. ಇಬ್ಬರೂ ಹಾಡುವವರನ್ನು ಕರೆದುಕೊಂಡು ಮಳೆಗಾಲ ಮುಗಿದ ಮೇಲೆ, ಹೂವು ಕಾಯಿ ಇದ್ದಾಗ, ಕಾವಲಿನಲ್ಲಿ ನಡೆಯಬೇಕು. ಹೆಸರು ಹೇಳಿಸಿ ಟೊಂಗೆ ಮುರಿದು ಒತ್ತಿಡಬೇಕು.