ಹೆಪ್ಪಿಲ್ಲದೆ ಹೆಪ್ಪುಗಟ್ಟೀತೇ?

ಪ್ರಶ್ನೆ: ಮೇ ತಿಂಗಳ ಗುಡುಗು ಮಳೆ ನಿಂತರೂ ಮೇಲೆ ಹಾಸಿದಂತಿರುವ ಬಿಳಿ ಮೋಡ ಕತ್ತಲಾಗುವವರೆಗೂ ಕರಗುವುದಿಲ್ಲ. ಅದರಲ್ಲಿರುವುದು ನೀರೋ, ಮಂಜುಗಡ್ಡೆಯೋ?

ಮಂಜುಗಡ್ಡೆ. ಉತ್ತರ ಇಷ್ಟೇ. ಆದರೆ ಇದರ ಬೆನ್ನಿಗೇ ‘ಸೊನ್ನೆ ಡಿಗ್ರಿ ದಾಟಿದ ಕೂಡಲೇ ಗಟ್ಟಿಯಾಗಿರುತ್ತೆ ಅಲ್ವಾ ಸಾರ್?’ ಎಂಬುದು ಬಂದೇ ಬರುತ್ತದೆ. ಅಲ್ಲ. ಎಷ್ಟನೇ ಸಲ ಹೇಳುತ್ತಿರುವುದೋ! ಸೊನ್ನೆ ಡಿಗ್ರಿಗೆ ಮಂಜುಗಡ್ಡೆ ಕರಗುತ್ತದೆ, ಸರಿ. ನೀರು ಅಲ್ಲಿಯೇ ಗಟ್ಟಿಯಾಗಬೇಕೆಂಬ ಕಟ್ಟುಪಾಡಿಲ್ಲ.

ನಮ್ಮಲ್ಲಿ ಬೇಸಿಗೆಯಲ್ಲಿ ಸುಮಾರು 5 ಕಿ.ಮೀ. ಮೇಲೆ ಸೊನ್ನೆ ಡಿಗ್ರಿ. ಅದನ್ನು ದಾಟಿ ಏರುವ ಮೋಡದ ಹನಿ 10–20 ಮೈಕ್ರಾನ್‌ನದು (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕನ್ನಡದ ಪದವೇ ಗುಟ್ಟು ಹೇಳುತ್ತದೆ: ಹೆಪ್ಪುಗಟ್ಟಲು ಹೆಪ್ಪು ಬೇಕು. ಇಲ್ಲಿ ಹೆಪ್ಪೆಂದರೆ ಕೆಲವು ಬಗೆಯ ಖನಿಜ ಧೂಳು, ಕೆಲವು ಬ್ಯಾಕ್ಟೀರಿಯಾ. −20 ಡಿಗ್ರಿಯಲ್ಲೂ ಕೆಲಸಕ್ಕೆ ಬರುವ ಕಣ ಲೀಟರ್ ಗಾಳಿಗೆ ಹೆಚ್ಚುಕಡಿಮೆ ಒಂದು. ಅದೇ ಲೀಟರಿನಲ್ಲಿ ಹನಿಗಳು ಲಕ್ಷಗಟ್ಟಲೆ. ಹೆಪ್ಪು ಸಿಗದವು ನೀರಾಗಿಯೇ ಏರುತ್ತವೆ. 10 ಕಿ.ಮೀ. ಆಸುಪಾಸಿನಲ್ಲಿ, −38 ಡಿಗ್ರಿಗೆ, ಹೆಪ್ಪಿಲ್ಲದೆಯೂ ತಾವೇ ಗಟ್ಟಿಯಾಗುತ್ತವೆ. ಹಾಲಿಗೆ ಈ ಭಾಗ್ಯವಿಲ್ಲ.

ನಂಬಿಕೆ ಬರದಿದ್ದರೆ ಸೀಲ್ ಒಡೆಯದ ಅರ್ಧ ಲೀಟರ್ ನೀರಿನ ಬಾಟಲಿಯನ್ನು ಫ್ರೀಜರ್‌ನಲ್ಲಿ ಮಲಗಿಸಿ, ಎರಡು–ಎರಡೂವರೆ ಗಂಟೆ ಅಲುಗಿಸದೆ ಬಿಡಿ. ಮೆಲ್ಲಗೆ ಹೊರತೆಗೆದು ಮೇಜಿಗೆ ಕುಟ್ಟಿ. ಬಿಳಿ ಎಳೆಗಳು ಕಣ್ಣೆದುರೇ ಬಾಟಲಿ ತುಂಬ ಹರಡುತ್ತವೆ. ಏನೂ ಆಗದಿದ್ದರೆ ಇನ್ನೊಂದು ಕಾಲು ಗಂಟೆ ಇಡಿ; ಒಳಗೇ ಗಟ್ಟಿಯಾಗಿದ್ದರೆ ಹೊತ್ತು ಮೀರಿತು, ಕರಗಿಸಿ ಮತ್ತೆ ಮಾಡಿ. ಕೊಳಾಯಿ ನೀರು ಬೇಡ, ಅದರ ಕೊಳೆಯೇ ಹೆಪ್ಪಾಗಿಬಿಡುತ್ತದೆ.

ಈಗ ಆ ಹಾಸು ಮೋಡ. ಮೇಲೇರುವ ಗಾಳಿ ಇನ್ನು ಏರಲಾರದ ಎತ್ತರ ಮುಟ್ಟಿ, ಕಮ್ಮಾರನ ಅಡಿಗಲ್ಲಿನಂತೆ ಪಕ್ಕಕ್ಕೆ ಚಾಚುತ್ತದೆ. ಆಲಿಕಲ್ಲು, ಒಂದಕ್ಕೊಂದು ಅಂಟಿಕೊಂಡ ದೊಡ್ಡ ಹರಳುಗಳು ಬೇಗ ಕೆಳಗಿಳಿಯುತ್ತವೆ. ಉಳಿಯುವುದು ಪುಡಿ. 30 ಮೈಕ್ರಾನ್ ಹರಳು ಗಂಟೆಗೆ ಇಳಿಯುವುದು ನೂರು ಮೀಟರ್ ಆಸುಪಾಸು, ಆ ಚಳಿಯಲ್ಲಿ ಆವಿಯಾಗುವುದೂ ನಿಧಾನ. ಅದಕ್ಕೇ ಕತ್ತಲಾದರೂ ಜಾಗ ಬಿಡುವುದಿಲ್ಲ.

ಹಾಗಾದರೆ ಅಷ್ಟೊಂದು ಹರಳಿದ್ದೂ ಅದರಲ್ಲಿ ಸೂರ್ಯನಿಗೆ ಗುಡಿ ಕಟ್ಟುವುದು, ಅಂದರೆ ಸುತ್ತ ಬೆಳಕಿನ ಬಳೆ ಮೂಡುವುದು, ಅಪರೂಪ ಯಾಕೆ? ಯಾರೂ ಕೇಳಲಿಲ್ಲ, ಕೇಳಬೇಕಿತ್ತು. 2021ರ ಮೇ 24ರಂದು ಬೆಂಗಳೂರಿನವರೆಲ್ಲ ಕತ್ತೆತ್ತಿ ನೋಡಿದ, ಸೂರ್ಯನಿಂದ 22 ಡಿಗ್ರಿ ಕೋನದಷ್ಟು ದೂರದ ಬಳೆಗೆ ನುಣುಪಾದ ಆರು ಮೂಲೆಯ ಹರಳು ಬೇಕು. ಗುಡುಗು ಮೋಡದಿಂದ ಚಾಚಿದ್ದರಲ್ಲಿ ಹೆಚ್ಚಿನವು ಹಾಗೇ ಗಟ್ಟಿಯಾದ ಉಂಡೆ ಹನಿಗಳು, ಒರಟು ಗೊಂಚಲುಗಳು. ಬೆಳಕು ಅವುಗಳಲ್ಲಿ ದಿಕ್ಕಾಪಾಲಾಗುತ್ತದೆ, ಬಳೆಯಾಗುವುದಿಲ್ಲ.