ಹುಲಿ ತಲೆಗೆ ಪಾಲು ಕೇಳುವ ಮುಂಚೆ

ದಾವಾಪತ್ರದ ಕೊನೆಯ ಹಾಳೆಯಲ್ಲಿ ಚರಾಸ್ತಿಗಳ ಪಟ್ಟಿ ಇತ್ತು. ಒಂದು ಜೊತೆ ಬೆಳ್ಳಿ ದೀಪ, ಗಾಡ್ರೆಜ್ ಬೀರು, ಬೀಟೆ ಮರದ ಮಂಚ. ಅದರ ಕೆಳಗೆ ಆರನೇ ಬಾಬ್ತು: 'ಹುಲಿ ತಲೆ, ಒಂದು. ಅಂದಾಜು ಬೆಲೆ ಎರಡು ಲಕ್ಷ ರೂಪಾಯಿ.' ಹಾಳೆಯ ಬುಡದಲ್ಲಿ, ಮೇಲೆ ಬರೆದದ್ದೆಲ್ಲ ನಿಜವೆಂದು ವಾದಿಯ ಸಹಿ.

ವಾದಿ ಎರಡನೇ ಮಗ. ಒಂದನೇ ಪ್ರತಿವಾದಿ ದೊಡ್ಡ ಮಗ. ನನ್ನ ಮುಂದೆ ಕೂತಿದ್ದವರು ತಂಗಿ, ಎರಡನೇ ಪ್ರತಿವಾದಿ. ಮೈಸೂರಿನ ಹಳೇ ಬಡಾವಣೆಯ ತೊಟ್ಟಿಮನೆ, ಮಂಡ್ಯದ ಕಡೆ ಒಂದಿಷ್ಟು ಗದ್ದೆ, ಒಂದು ಸೈಟು. "ಮೇಡಂ, ನನಗೆ ಸೈಟಲ್ಲಿ ನನ್ನ ಪಾಲು ಬಂದ್ರೆ ಸಾಕು. ಆ ಹುಲಿ ತಲೆ ಬೇಕಾದ್ರೆ ದೊಡ್ಡಣ್ಣನೇ ಇಟ್ಕೊಳ್ಳಲಿ" ಅಂದರು.

ಸೈಟಿನ ಮಾತು ಆಮೇಲೆ, ತಂದೆಯವರು ತೀರಿಕೊಂಡದ್ದು ಯಾವಾಗ ಅಂತ ಕೇಳಿದೆ. "ಹೋದ ವರ್ಷ, ಗೌರಿ ಹಬ್ಬಕ್ಕೆ ಒಂದು ವಾರ ಇತ್ತು." ಕ್ಯಾಲೆಂಡರ್ ತಿರುವಿ ಎಣಿಸಿದೆ. ಕಾನೂನು ಕೊಟ್ಟಿದ್ದ ತೊಂಬತ್ತು ದಿನ ಹೋದ ವರ್ಷದ ಕಾರ್ತಿಕ ಮುಗಿಯುವ ಹೊತ್ತಿಗೇ ತೀರಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಾಗ, ಮನೆಯಲ್ಲಿ ಶಿಕಾರಿಯ ತಲೆ, ಚರ್ಮ, ಕೊಂಬು ಇದ್ದವರು ಮೂವತ್ತು ದಿನದಲ್ಲಿ ಘೋಷಿಸಿಕೊಳ್ಳಬೇಕಿತ್ತು. ಹಾಗೆ ಘೋಷಿಸಿದವರಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಮಾಲೀಕತ್ವದ ಪ್ರಮಾಣಪತ್ರ ಕೊಡುತ್ತಿದ್ದರು. ಈ ಮನೆಯ ತಾತ ಆ ಕೆಲಸ ಮಾಡಿದ್ದರು. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿ ಇನ್ನೊಂದು ಗಂಟು ಬಿಗಿಯಿತು. ಹುಲಿ, ಚಿರತೆಯಂಥ ಪ್ರಾಣಿಗಳ ಟ್ರೋಫಿ ಪ್ರಮಾಣಪತ್ರವಿಲ್ಲದವರ ಕೈಗೆ ಹೊಸದಾಗಿ ಬರುವುದಾದರೆ ಅದು ಉತ್ತರಾಧಿಕಾರದಿಂದ ಮಾತ್ರ ಬರಬೇಕು. ಬಂದ ತೊಂಬತ್ತು ದಿನದೊಳಗೆ ವಾರಸುದಾರರು ತಮ್ಮ ಹೆಸರಲ್ಲಿ ಮತ್ತೆ ಘೋಷಣೆ ಸಲ್ಲಿಸಬೇಕು. ತಾತನ ಕಾಗದ ಮೊಮ್ಮಕ್ಕಳಿಗೆ ತಾನಾಗಿ ಇಳಿದು ಬರುವುದಿಲ್ಲ.

ನನ್ನ ಬಳಿ ಬರುವ ಕುಟುಂಬಗಳೆಲ್ಲ ಎಡವುವುದು ಇಲ್ಲೇ. ಪಾಲು ಆಗಲಿ, ಯಾರಿಗೆ ಬರುತ್ತೋ ಅವರು ಅರ್ಜಿ ಹಾಕಿಕೊಳ್ಳಲಿ ಅಂತ ಕಾಯುತ್ತಾರೆ. ಆದರೆ ಉತ್ತರಾಧಿಕಾರ ತೆರೆದುಕೊಳ್ಳುವುದು ಸಾವಿನ ದಿನ. ಪಾಲಿನ ದಾವೆ ಹತ್ತು ವರ್ಷ ನಡೆಯಬಹುದು, ತೊಂಬತ್ತು ದಿನದ ಲೆಕ್ಕ ಅದಕ್ಕೆ ಕಾಯುವುದಿಲ್ಲ. ಹನ್ನೊಂದನೇ ದಿನದ ತಿಥಿಗೆ ಎಲ್ಲರೂ ಸೇರಿರುತ್ತಾರೆ. ಚಿನ್ನ ಎಣಿಸುತ್ತಾರೆ, ಪೌತಿ ಖಾತೆಯ ಮಾತು ತೆಗೆಯುತ್ತಾರೆ. ಗೋಡೆಯ ಮೇಲಿರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಹುಟ್ಟಿದಾಗಿನಿಂದ ಅಲ್ಲೇ ಇದೆ.

ಮೈಸೂರಿನಲ್ಲಿ ಇಂಥ ಮನೆಗಳು ಕಡಿಮೆಯೇನಿಲ್ಲ. ಬೇಟೆಯ ಪ್ರಾಣಿಗಳನ್ನು ಹದಮಾಡಿ ಜೀವ ಬಂದ ಹಾಗೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ಇದ್ದದ್ದು ಈ ಊರಲ್ಲೇ, ಬಾಗಿಲು ಹಾಕಿದ್ದು 1999ರಲ್ಲಿ. ಅವರ ಹಳೇ ರಸೀದಿ ತಂದು "ಇದೇ ದಾಖಲೆ ಅಲ್ವಾ ಸಾಕು?" ಅನ್ನುವವರಿದ್ದಾರೆ. ಸಾಲದು. ರಸೀದಿ, ತಾತನ ಕೋವಿ ಲೈಸೆನ್ಸು, ಶಿಕಾರಿಯ ಫೋಟೊ ಇವೆಲ್ಲ ಪ್ರಾಣಿ ಸತ್ತ ಕಾಲವನ್ನು ತೋರಿಸಲು ನೆರವಾಗುತ್ತವೆ, ಜೋಪಾನವಾಗಿಡಿ. ಆದರೆ ಮಾಲೀಕತ್ವದ ಪ್ರಮಾಣಪತ್ರದ ಜಾಗವನ್ನು ಅವು ತುಂಬಲಾರವು.

ಈಗ ಆರನೇ ಬಾಬ್ತಿಗೆ ಬರೋಣ. ಕೋರ್ಟಿಗೆ ಕೊಟ್ಟ ದಾವಾಪತ್ರ ಸಹಿ ಮಾಡಿದ ಹೇಳಿಕೆ. ಹುಲಿ ತಲೆ ಕುಟುಂಬದ ಸುಪರ್ದಿನಲ್ಲಿದೆ ಎಂದು ತಮ್ಮ ಬರೆದುಕೊಟ್ಟಾಗಿತ್ತು. ಇದು ನಮ್ಮ ಅಣ್ಣನ ಮನೆಯಲ್ಲಿದೆ, ನನಗೂ ಮೂರನೇ ಒಂದು ಭಾಗ ಬರಬೇಕು ಅಂತ ತಂಗಿ ತಕರಾರು ಹಾಕಿದ್ದರೆ ಆಕೆಯೂ ಒಪ್ಪಿಕೊಂಡ ಹಾಗೆಯೇ. ಈ ಕಾಯ್ದೆಯ 57ನೇ ಕಲಂ ಸಾಮಾನ್ಯ ಕ್ರಿಮಿನಲ್ ಕಾನೂನಿನ ಹಾಗಿಲ್ಲ. ವಸ್ತು ನಿಮ್ಮ ವಶದಲ್ಲಿದೆ ಎಂದು ಸಾಬೀತಾದರೆ ಸಾಕು, ಅದು ಅಕ್ರಮವೆಂದೇ ಮೊದಲು ಭಾವಿಸಲಾಗುತ್ತದೆ. ಸಕ್ರಮವೆಂದು ತೋರಿಸುವ ಹೊಣೆ ನಿಮ್ಮದು. ಹುಲಿಯ ವಿಷಯದಲ್ಲಿ ಶಿಕ್ಷೆ ಮೂರು ವರ್ಷದಿಂದ ಏಳು ವರ್ಷ. ಅಣ್ಣನ ಮೇಲಿನ ಸಿಟ್ಟಿಗೆ ತಮ್ಮ ಅರಣ್ಯ ಇಲಾಖೆಗೆ ಮೂಗರ್ಜಿ ಹಾಕಿದ ಪ್ರಕರಣಗಳನ್ನು ಕಂಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ. ವಾರಸುದಾರರ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರುತ್ತದೆ.

ಬೆಲೆ ಕಟ್ಟಿದ್ದು ಇನ್ನೂ ದೊಡ್ಡ ತಪ್ಪು. ಪ್ರಮಾಣಪತ್ರ ಇದ್ದವರೂ ಇದನ್ನು ಮಾರುವ ಹಾಗಿಲ್ಲ. 'ತಲೆ ನೀನಿಟ್ಟುಕೋ, ಬದಲಿಗೆ ನನಗೆ ಒಂದು ಲಕ್ಷ ಕೊಡು' ಎಂದು ರಾಜಿಪತ್ರದಲ್ಲಿ ಬರೆದರೆ ಓದುವವರ ಕಣ್ಣಿಗೆ ಅದು ಮಾರಾಟವಾಗಿಯೇ ಕಾಣುತ್ತದೆ. ಪ್ರೀತಿಯಿಂದ ಅಳಿಯನಿಗೆ ಕೊಡೋಣವೆಂದರೂ ದಾರಿಯಿಲ್ಲ.

2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕದ ಬಂಧನ ಸುದ್ದಿಯಾದಾಗ, ಮಕ್ಕಳ ಕೊರಳಿನ ದೃಷ್ಟಿ ಸರ ಹಿಡಿದು ಎಷ್ಟೋ ತಾಯಂದಿರು ಆಫೀಸಿಗೆ ಬಂದಿದ್ದರು. ಉಗುರಿಗೂ ತಲೆಗೂ ಕಾಯ್ದೆ ಒಂದೇ.

ಮೂವರನ್ನೂ ಅವರವರ ವಕೀಲರ ಜೊತೆ ಒಂದೇ ಮೇಜಿಗೆ ಕೂರಿಸಲು ಎರಡು ವಾರ ಹಿಡಿಯಿತು. ಆರನೇ ಬಾಬ್ತನ್ನು ತೆಗೆಯಲು ತಿದ್ದುಪಡಿ ಅರ್ಜಿ ಹಾಕಿಸಿದೆವು. ತಾತನ ಮೂಲ ಪ್ರಮಾಣಪತ್ರ, ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ನಾಲ್ಕೂ ಬದಿಯ ಫೋಟೊ, ತಡವಾದದ್ದಕ್ಕೆ ಮುಚ್ಚುಮರೆಯಿಲ್ಲದ ಕಾರಣ ಇಷ್ಟನ್ನೂ ಜೋಡಿಸಿ ಮೂವರ ಸಹಿಯ ಒಂದೇ ಘೋಷಣೆಯನ್ನು ಅಶೋಕಪುರಂನ ಅರಣ್ಯ ಭವನಕ್ಕೆ ಕೊಟ್ಟೆವು. ತಡವಾಗಿ ಬಂದ ಅರ್ಜಿ ಒಪ್ಪುತ್ತಾರೆ ಅಂತ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಇಲಾಖೆಯವರೇ ಬಂದು ಕಂಡುಹಿಡಿಯುವುದಕ್ಕಿಂತ ನಾವೇ ಹೋಗಿ ಹೇಳುವುದು ಎಷ್ಟೋ ಮೇಲು ಎಂದಷ್ಟೇ ಹೇಳುತ್ತೇನೆ.

ಅಧಿಕಾರಿಗಳು ಪರಿಶೀಲನೆಗೆ ಬಂದ ದಿನ ನಾನೂ ಹೋಗಿದ್ದೆ. ಒಂದು ಕಿವಿ ನುಸಿ ತಿಂದು ಅಂಚು ಹರಿದಿತ್ತು, ಗಾಜಿನ ಕಣ್ಣಿನ ಸುತ್ತ ಬಣ್ಣ ಬಿರುಕು ಬಿಟ್ಟಿತ್ತು. ಇಬ್ಬರು ಸೇರಿ ಮೊಳೆಯಿಂದ ಇಳಿಸಿ ತಿರುಗಿಸಿದಾಗ ಹಲಗೆಯ ಹಿಂದೆ ಇಲಾಖೆಯ ಗುರುತಿನ ಸಂಖ್ಯೆ. ಅರ್ಧ ಮಾಸಿದ್ದರೂ ಕಾಗದದಲ್ಲಿದ್ದ ಸಂಖ್ಯೆಗೆ ಸರಿಯಾಗಿ ಹೊಂದಿತು. ಬಣ್ಣ ಬಳಿಸಿ ಹೊಸದು ಮಾಡಿಸೋಣ ಅಂತ ದೊಡ್ಡಣ್ಣ ಯಾವಾಗಲೋ ಅಂದುಕೊಂಡಿದ್ದರಂತೆ. ಬಳಿಸಿದ್ದರೆ ಆ ಸಂಖ್ಯೆಯೂ ಅಳಿಸಿಹೋಗುತ್ತಿತ್ತು, ಗುರುತು ಅಳಿಸುವುದೇ ಇನ್ನೊಂದು ಅಪರಾಧ.

ಪ್ರಮಾಣಪತ್ರ ಬಂದರೆ ತಲೆಯನ್ನು ಇಲಾಖೆಗೇ ಒಪ್ಪಿಸಿಬಿಡೋಣ ಅನ್ನುವುದು ತಂಗಿಯ ಮನಸ್ಸು. 2022ರ ತಿದ್ದುಪಡಿಯಲ್ಲಿ ಅದಕ್ಕೆ ದಾರಿಯಿದೆ: ಏಳು ಕೆಲಸದ ದಿನಗಳ ಮುಂಚೆ ನೋಟಿಸು ಕೊಟ್ಟು ಒಪ್ಪಿಸಬಹುದು, ಪರಿಹಾರ ಸಿಗುವುದಿಲ್ಲ. ದೊಡ್ಡಣ್ಣ ಇನ್ನೂ ಒಪ್ಪಿಲ್ಲ. ಅರ್ಜಿ ಇಲಾಖೆಯಲ್ಲಿದೆ, ತಲೆ ಅದೇ ಗೋಡೆಯಲ್ಲಿದೆ. ಸೈಟಿನ ದಾವೆ ಬರುವ ತಿಂಗಳು ಸಾಕ್ಷಿಗೆ ನಿಂತಿದೆ.