ಕೌದಿಗೆ ಎಷ್ಟು ತುಂಡು ಬೇಕು?

60 ಇಂಚು ಅಗಲ, 90 ಇಂಚು ಉದ್ದದ ಕೌದಿ ಹೊಲಿಯಬೇಕು. ಕತ್ತರಿಸಿಟ್ಟ ಬಟ್ಟೆಯ ಚೌಕ ಒಂದೊಂದೂ ಆರೂವರೆ ಇಂಚು. 90ನ್ನು ಆರೂವರೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ 14, 60ನ್ನು ಭಾಗಿಸಿದರೆ 9 ಚಿಲ್ಲರೆ. ಒಟ್ಟು 126 ತುಂಡು ಸಾಕೆಂದು ಹೊಲಿದು ಮುಗಿಸಿದರೆ ಕೈಗೆ ಬರುವುದು 84 × 54 ಇಂಚಿನ ಕೌದಿ. ಉದ್ದದಲ್ಲೂ ಅರ್ಧ ಅಡಿ ಕಡಿಮೆ, ಅಗಲದಲ್ಲೂ ಅರ್ಧ ಅಡಿ ಕಡಿಮೆ.

ಆ ಅರ್ಧ ಅಡಿ ಹೋದದ್ದು ಹೊಲಿಗೆಯೊಳಗೆ. ಎರಡು ತುಂಡು ಸೇರಿಸುವಾಗ ಪ್ರತಿ ಅಂಚಿನಲ್ಲೂ ಕಾಲು ಇಂಚು ಒಳಗೆ ಮಡಚಿಹೋಗುತ್ತದೆ. ಆರೂವರೆಯ ಚೌಕ ಕಣ್ಣಿಗೆ ಕಾಣುವುದು ಆರು ಇಂಚು ಮಾತ್ರ. ಎಣಿಕೆಗೆ ಬೇಕಾದದ್ದು ಈ ಕಾಣುವ ಅಳತೆ. ಆರೂವರೆ ಏನಿದ್ದರೂ ಕತ್ತರಿಗೆ. ಹಾಗೆ ನೋಡಿದರೆ 15 ಸಾಲು, ಸಾಲಿಗೆ 10, ಒಟ್ಟು 150 ತುಂಡು. ಸೊಟ್ಟ ಕತ್ತರಿಸಿದ್ದು, ನೂಲು ಬಿಟ್ಟದ್ದು ಇದ್ದೇ ಇರುತ್ತದೆ, ಹದಿನೈದು ಹೆಚ್ಚಿಗೆ ಇಟ್ಟುಕೊಳ್ಳಿ.

ಎರಡೇ ಬಣ್ಣದ ಚದುರಂಗದ ಮಣೆಯಂತೆ ಹೊಲಿಯುವುದಾದರೆ 75 ಕೆಂಪು, 75 ಬಿಳಿ. ಆದರೆ ನಾಲ್ಕು ಮೂಲೆಗಳಲ್ಲಿ ಎರಡು ಕೆಂಪು, ಎರಡು ಬಿಳಿ ಬರುತ್ತವೆ. ನಾಲ್ಕೂ ಒಂದೇ ಬಣ್ಣ ಬೇಕಿದ್ದರೆ ಸಾಲೂ ಬೆಸ ಇರಬೇಕು, ಸಾಲಿನ ತುಂಡೂ ಬೆಸ ಇರಬೇಕು: 15 × 11, ಅಂದರೆ 83 ಒಂದು ಬಣ್ಣ, 82 ಇನ್ನೊಂದು.

ತುಂಡು ಚಿಕ್ಕದಾದಷ್ಟೂ ಚೆಂದ ಎನ್ನುವವರು ಇಷ್ಟು ಗಮನಿಸಲಿ. ಕಾಣುವ ಅಳತೆಯನ್ನು ಆರರಿಂದ ಮೂರಕ್ಕೆ ಇಳಿಸಿದರೆ 150 ಇದ್ದದ್ದು 600 ಆಗುತ್ತದೆ. ಹೊಲಿಗೆ ಮಾತ್ರ ನಾಲ್ಕು ಪಟ್ಟಲ್ಲ, ಎರಡು ಪಟ್ಟು: ಸುಮಾರು 42 ಮೀಟರ್ ಇದ್ದದ್ದು 88 ಮೀಟರ್. ಬಟ್ಟೆಯ ಲೆಕ್ಕ ಬೇರೆಯೇ. ಆರು ಇಂಚಿನ ಚೌಕಕ್ಕೆ ಮಡಿಕೆಗೆಂದು ಶೇ. 17ರಷ್ಟು ಹೆಚ್ಚು ಬಟ್ಟೆ ಬೇಕಾದರೆ, ಮೂರು ಇಂಚಿಗೆ ಶೇ. 36, ಎರಡು ಇಂಚಿಗೆ ಶೇ. 56. ಎರಡು ಇಂಚಿನ ಚೌಕದ ಕೌದಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಟ್ಟೆ ಯಾರ ಕಣ್ಣಿಗೂ ಬೀಳದೆ ಹಿಂಬದಿಯಲ್ಲಿ ಕೂತಿರುತ್ತದೆ. ಹೊದ್ದವರಿಗೆ ಬೆಚ್ಚಗಾದರೂ ಆಗುತ್ತದೆ ಅನ್ನಿ.

ಅಂಗಡಿಯಲ್ಲಿ 44 ಇಂಚು ಪನ್ನೆಯ ಬಟ್ಟೆಗೆ ಎರಡೂ ಬದಿಯ ಗಟ್ಟಿ ಅಂಚು ತೆಗೆದರೆ ಅಡ್ಡಕ್ಕೆ ಆರು ತುಂಡು. ಒಂದು ಮೀಟರ್ ಅಂದರೆ 39.37 ಇಂಚು, ಆರೂವರೆಯಂತೆ ಆರು ಸಾಲಿಗೆ 39 ಇಂಚು ಬೇಕು. ಕಾಗದದ ಮೇಲೆ 36 ತುಂಡು ಸರಿಯಾಗಿ ಕೂರುತ್ತವೆ. ಬಟ್ಟೆ ಒಮ್ಮೆ ನೀರು ಕಂಡು ಅರ್ಧ ಇಂಚು ಕುಗ್ಗಿದರೂ ಆರನೇ ಸಾಲು ಹೋಯಿತು, ಉಳಿದದ್ದು 30. ಆದ್ದರಿಂದ ಮೀಟರಿಗೆ 30 ಎಂದೇ ಹಿಡಿಯಿರಿ, 150ಕ್ಕೆ ಐದು ಮೀಟರ್. ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದು ಒಣಗಿಸಬೇಕು.

ಹಳೇ ಸೀರೆಗೆ ಈ ಕಾಟವಿಲ್ಲ, ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ. ಐದೂವರೆ ಮೀಟರಿನ ನೂಲಿನ ಸೀರೆ, 45 ಇಂಚು ಪನ್ನೆ, ಮೂರು ಮೂರು ಇಂಚಿನ ಅಂಚು ಬಿಟ್ಟರೆ ಉಳಿಯುವ 39 ಇಂಚಿಗೆ ಆರು ತುಂಡು ಅಳೆದಿಟ್ಟಂತೆ ಬರುತ್ತವೆ. ಪೂರ್ತಿ ಗಟ್ಟಿಯಿದ್ದರೆ 33 ಸಾಲು, 198 ತುಂಡು. ಅಷ್ಟು ಗಟ್ಟಿಯಿದ್ದರೆ ಯಾರೂ ಕೌದಿಗೆ ಕೊಡುವುದಿಲ್ಲ. ಸವೆದದ್ದು ತೆಗೆದು ಮೂರು ಮೀಟರ್ ಉಳಿದರೆ 108. ಇಳಕಲ್ಲಿನ ಸೀರೆಯಾದರೆ ನೂಲಿನ ಒಡಲಿಗೆ ರೇಷ್ಮೆ ಸೆರಗು ಕೊಂಡಿ ಹಾಕಿ ಕೂಡಿಸಿದ ಗೆರೆಯ ಮೇಲೆ ಚೌಕ ಬೀಳದಂತೆ ನೋಡಿಕೊಳ್ಳಿ: ಒಂದೇ ತುಂಡಿನಲ್ಲಿ ಎರಡು ಬಗೆಯ ಎಳೆ ಇದ್ದರೆ ಒಗೆದಾಗ ಒಂದೊಂದು ಒಂದೊಂದು ಕಡೆ ಎಳೆಯುತ್ತದೆ.

ತ್ರಿಕೋನಕ್ಕೆ ಬಂದರೆ ಅರ್ಧ ಇಂಚಿನ ಸೂತ್ರ ಕೈಕೊಡುತ್ತದೆ. ಆರೂವರೆಯ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಮತ್ತೆ ಜೋಡಿಸಿದರೆ ಚೌಕ ಆರು ಇಂಚಿಗಿಂತ ಚಿಕ್ಕದಾಗುತ್ತದೆ. ಓರೆ ಅಂಚಿನಲ್ಲೂ ಕಾಲು ಇಂಚು ಮಡಿಕೆಗೆ ಹೋಗುತ್ತದೆ. ಅದು ಓರೆಯಾದ್ದರಿಂದ ನೇರ ಬದಿಯಲ್ಲಿ ಅದರ 1.414 ಪಟ್ಟು, ಸುಮಾರು 0.35 ಇಂಚು, ತಿನ್ನುತ್ತದೆ. ಅರ್ಧಕ್ಕೆ ಅದನ್ನೂ ಕೂಡಿಸಿದರೆ 0.85. ಟೇಪಿನ ಮೇಲೆ ಅದಕ್ಕೆ ಹತ್ತಿರದ ಗೆರೆ ಎಂಟನೇ ಏಳು (7/8 ಇಂಚು). ಅಂದರೆ ಏಳು ಇಂಚಿಗೆ ಎಂಟನೇ ಒಂದು ಇಂಚು ಕಡಿಮೆ ಇರುವ ಚೌಕ ಕತ್ತರಿಸಿ ಎರಡು ಮಾಡಬೇಕು.

ಚೌಕಗಳನ್ನು ಓರೆಯಾಗಿ, ವಜ್ರದಂತೆ ನಿಲ್ಲಿಸಿದರೆ ಆರು ಇಂಚಿನ ಚೌಕ ಅಡ್ಡಕ್ಕೆ ಎಂಟೂವರೆ ಇಂಚು ಹಿಡಿಯುತ್ತದೆ. ಅಗಲಕ್ಕೆ 7, ಉದ್ದಕ್ಕೆ 11 ಇಟ್ಟರೆ 77. ಅವುಗಳ ಸಂದಿಯಲ್ಲಿ 6 × 10, ಇನ್ನೂ 60. ಅಂಚಿಗೆ 32 ಅರ್ಧ, ಮೂಲೆಗೆ 4 ಕಾಲು. ಕೌದಿ 59 × 93 ಇಂಚಿನಷ್ಟಾಗುತ್ತದೆ, 60 × 90ಕ್ಕೆ ಹೊಂದಿಸಲು ಹೋದರೆ ಚೌಕಗಳೇ ತುಂಡಾಗುತ್ತವೆ.

ಎಣಿಕೆ ಸರಿಯಿದ್ದೂ ಕೌದಿ ಗಿಡ್ಡವಾಗುವುದುಂಟು. ಪ್ರತಿ ಅಂಚಿನಲ್ಲಿ ಒಂದೇ ಮಿಲಿಮೀಟರ್ ಹೆಚ್ಚು ಒಳಗೆ ಹೋದರೆ ತುಂಡಿಗೆ ಎರಡು ಮಿ.ಮೀ., 15 ತುಂಡಿಗೆ ಮೂರು ಸೆಂಟಿಮೀಟರ್. ಪಕ್ಕದ ಸಾಲು ಬೇರೆ ಕೈಯ ಹೊಲಿಗೆಯಾಗಿದ್ದರೆ ಸಂದಿಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಮೊದಲ ಸಾಲು ಹೊಲಿದೊಡನೆ ಟೇಪು ಹಿಡಿಯಬೇಕು. ಹತ್ತು ತುಂಡಿನ ಸಾಲು ಅರವತ್ತೂವರೆ ಇಂಚು ಇರಬೇಕು, ಎರಡು ಕೊನೆಯ ಮಡಿಕೆಗಳು ಇನ್ನೂ ಬಾಕಿ ಇರುತ್ತವೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯಲ್ಲಿ ಈ ಎಣಿಕೆಯೇ ಬೇಕಾಗುವುದಿಲ್ಲ. ಅಲ್ಲಿ ತುಂಡುಗಳನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಕೆಳಗೆ ಇಡೀ ಬಟ್ಟೆ ಹಾಸಿ, ಮೂಲೆಯಿಂದ ಶುರುಮಾಡಿ, ಅಂಚು ಮಡಚಿದ ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸುತ್ತ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಚಿದ ತ್ರಿಕೋನ ‘ಫುಲ’. ಅಂದಾಜು ಬೇಕೆಂದರೆ ಮಾಡಿನ ಹಂಚು ಎಣಿಸುವ ಹಾಗೆ: ಆರೂವರೆಯ ತುಂಡು ಮಡಿಕೆ, ಹೇರಿಕೆ ಕಳೆದು ಐದೂವರೆ ಕಂಡರೆ 60 × 90ಕ್ಕೆ ಸುಮಾರು 180. ಚೌಕದ ಕೌದಿಯಲ್ಲಿ ಸಣ್ಣ ಸಣ್ಣ ತಪ್ಪುಗಳು ಕೂಡುತ್ತ ಹೊರ ಅಂಚಿಗೆ ಹೋಗಿ ಅಳತೆ ಕೆಡಿಸುತ್ತವೆ. ಕವಂದಿಯಲ್ಲಿ ಹೊರ ಅಳತೆ ಮೊದಲ ದಿನವೇ ಗಟ್ಟಿಯಾಗಿರುತ್ತದೆ, ತಪ್ಪೆಲ್ಲ ನಡುವಿಗೆ ಬಂದು ಸೇರುತ್ತದೆ, ಅಲ್ಲಿ ಉಳಿದ ಖಾಲಿ ಜಾಗ ಎಷ್ಟಿದೆಯೋ ಅಷ್ಟಕ್ಕೆ ಕೊನೆಯ ತುಂಡನ್ನು ಮಡಚಿ ಹೊಲಿಯುತ್ತಾರೆ.